ಜಲಜಮ್ಮನ ರಕ್ತದಾನಿಗಳ ಪಟ್ಟಿ

ತಮಿಳುನಾಡಿನ ಗಡಿಯ ಹೊಸೂರಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದ ಜಲಜಮ್ಮ ನಿವೃತ್ತರಾದ ಮೇಲೂ ಒಂದು ಕೆಲಸ ಬಿಟ್ಟಿರಲಿಲ್ಲ. ರಕ್ತ ಕೊಡಲು ಒಪ್ಪಿದವರ ಹೆಸರು, ಊರು, ರಕ್ತದ ಗುಂಪು, ಫೋನ್ ನಂಬರು ಬರೆದಿಡುವುದು. ಹನ್ನೊಂದು ನೋಟ್‌ಬುಕ್ ತುಂಬಿದ್ದವು. ಕನ್ನಡದವರ ಹೆಸರು ಕನ್ನಡದಲ್ಲಿ, ತಮಿಳರದು ತಮಿಳಿನಲ್ಲಿ, ತೆಲುಗಿನವರದು ತೆಲುಗಿನಲ್ಲಿ. ಆಸ್ಪತ್ರೆಯಿಂದ ಫೋನ್ ಬಂದರೆ ಪುಟ ತಿರುವಿ ಹುಡುಕುವಷ್ಟರಲ್ಲಿ ಅರ್ಧ ಗಂಟೆ ಆಗಿಬಿಡುತ್ತಿತ್ತು. ಆ ಅರ್ಧ ಗಂಟೆಯಲ್ಲಿ ಏನೇನಾಗಬಹುದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮಹಡಿಗೆ ಬಾಡಿಗೆಗೆ ಬಂದಿದ್ದ ನಂದಿತಾ ಹಾಸನದ ಕಡೆಯವಳು. ಫ್ಯಾಕ್ಟರಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ನೋಟ್‌ಬುಕ್ಕುಗಳನ್ನು ಕಂಡವಳೇ ಯಾವುದೋ ಆಫೀಸಿನವರು ಬೇಡವೆಂದು ಕೊಟ್ಟ ಹಳೆಯ ಕಂಪ್ಯೂಟರ್ ತಂದು ಭಾನುವಾರ ಬೆಳಿಗ್ಗೆ ಹಜಾರದಲ್ಲಿ ಕೂತಳು.

ಪರದೆ ಪೂರ್ತಿ ಕಪ್ಪು, ಮೂಲೆಯಲ್ಲಿ ಮಿಣುಗುವ ಒಂದು ಗೆರೆ.

"ಏನಮ್ಮಾ ಇದು, ಒತ್ತೋಕೆ ಒಂದು ಗುಂಡಿನೂ ಇಲ್ವಲ್ಲ?"

"ಇದ್ರಲ್ಲಿ ಒತ್ತೋದಿಲ್ಲ ಅಮ್ಮ. ಏನು ಬೇಕೋ ಬರೆದು ಹೇಳೋದು, ಅಷ್ಟೇ."

ಅವಳು ಒಂದು ಸಾಲು ಬರೆದಳು. ಅಕ್ಷರಗಳು ಸರಸರ ಹರಿದವು. ಪಟ್ಟಿಯನ್ನು ಜೋಡಿಸಿಟ್ಟು ಕೇಳಿದಾಗ ಹುಡುಕಿಕೊಡುವ ಡೇಟಾಬೇಸ್ ಸರ್ವರ್ ಇಂಟರ್ನೆಟ್ಟಿನಿಂದ ಇಳಿದು ಕೂತಿತು, ಆದರೆ ಶುರುವಾಗಲಿಲ್ಲ. ಕೆಂಪು ಅಕ್ಷರದಲ್ಲಿ ತಕರಾರು ಬಂತು. ಕೆಟ್ಟೇ ಹೋಯಿತೆಂದುಕೊಂಡರು ಜಲಜಮ್ಮ. ನಂದಿತಾ ಮಾತ್ರ ಕೀಲಿಮಣೆಯಿಂದ ಕೈ ತೆಗೆದು, ಬಂದ ತಕರಾರನ್ನು ಮೊದಲಿಂದ ಕೊನೆಯವರೆಗೆ ಓದಿದಳು. ರೋಗಿಯನ್ನು ಮುಟ್ಟುವ ಮೊದಲು ಚಾರ್ಟ್ ಓದುವ ಒಳ್ಳೆಯ ನರ್ಸುಗಳನ್ನು ಜಲಜಮ್ಮ ಬೆರಳೆಣಿಕೆಯಷ್ಟೇ ಕಂಡಿದ್ದರು. 'ಇವಳು ಆ ಜಾತಿಯವಳು' ಎಂದುಕೊಂಡರು.

"ಆಫೀಸ್‌ನವರ ಹಳೇ ಸರ್ವರ್ ಇನ್ನೂ ಒಳಗೆ ಓಡ್ತಾ ಇದೆ. ಅದನ್ನ ನಿಲ್ಲಿಸಿದ್ರೆ ಇದಕ್ಕೆ ಜಾಗ." ಹಳೆಯದನ್ನು ನಿಲ್ಲಿಸಿದಳು. ಹೊಸದು ಎದ್ದಿತು.

ಊಟದ ಹೊತ್ತಿಗೆ ಎಂಬತ್ತು ಹೆಸರು ತುಂಬಿಸಿ, ಸರಿಯಾಗಿವೆಯೇ ಎಂದು ತೆಗೆದು ನೋಡಿದರೆ ಹೆಸರಿರಬೇಕಾದ ಕಡೆಯೆಲ್ಲ ಸಾಲು ಸಾಲು ಪ್ರಶ್ನೆ ಚಿಹ್ನೆ! ಹಳೆಯ ಸರ್ವರ್ ಬಿಟ್ಟುಹೋದ ಸೆಟ್ಟಿಂಗ್ ಒಂದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಮಾತ್ರ ಅವಕಾಶವಿತ್ತು.

"ಹೋಗ್ಲಿ ಬಿಡಮ್ಮಾ, ಇಂಗ್ಲಿಷ್‌ನಲ್ಲೇ ಹಾಕ್ಬುಡು. ಎಷ್ಟು ಅಂತ ಒದ್ದಾಡ್ತೀಯ?"

"ನೀವು ಇಷ್ಟು ವರ್ಷ ಅವರವರ ಅಕ್ಷರದಲ್ಲೇ ಬರೆದಿದ್ದೀರಲ್ಲ ಅಮ್ಮ. ನಾನು ಒಂದಿನಕ್ಕೆ ಕೆಡಿಸಲಾ?"

ಬೇಸರದ ಒಂದು ಗೆರೆಯೂ ಮುಖದಲ್ಲಿರಲಿಲ್ಲ. ಸೆಟ್ಟಿಂಗ್ ತಿದ್ದಿ, ಎಲ್ಲವನ್ನೂ ಅಳಿಸಿ, ಮತ್ತೆ ಒಂದರಿಂದ ಶುರು ಮಾಡಿದಳು. ಜಲಜಮ್ಮ ಓದಿ ಹೇಳಿದರು, ಅವಳು ತುಂಬಿಸಿದಳು. ಸಂಜೆ ಮೂರು ಲಿಪಿಯ ಹೆಸರುಗಳೂ ಪರದೆಯ ಮೇಲೆ ಒಂದರ ಕೆಳಗೊಂದು ಕೂತವು. ಉಳಿದ ನೋಟ್‌ಬುಕ್ಕುಗಳಿಗೆ ಇನ್ನೂ ನಾಲ್ಕು ಭಾನುವಾರ ಹಿಡಿಯಿತು. ಕೊನೆಯ ದಿನ ಅವಳು ಕಂಪ್ಯೂಟರಿನ ಪ್ಲಗ್ಗನ್ನೇ ಎಳೆದುಬಿಟ್ಟಳು.

"ಅಯ್ಯೋ, ಏನು ಮಾಡ್ಬುಟ್ಟೆ!"

"ಕರೆಂಟ್ ಹೋಗೋದು ನಮ್ಮನ್ನ ಕೇಳಿಕೊಂಡಾ?" ಮತ್ತೆ ಪ್ಲಗ್ ಹಾಕಿದಳು. ಸರ್ವರ್ ತಾನಾಗಿ ಎದ್ದಿತು. ಒಂದು ಹೆಸರೂ ಕಳೆದಿರಲಿಲ್ಲ. ಆಮೇಲೆ ಜಲಜಮ್ಮನ ಕೈಯಿಂದಲೇ ಹುಡುಕುವ ಸಾಲನ್ನು ಹತ್ತು ಸಲ ಬರೆಸಿದಳು.

ಮುಂದಿನ ಬುಧವಾರ ಬೆಳಿಗ್ಗೆ ನಂದಿತಾ ಕೆಲಸಕ್ಕೆ ಹೋಗಿದ್ದಾಗ ಆಸ್ಪತ್ರೆಯಿಂದ ಫೋನ್ ಬಂತು. ಹೆರಿಗೆಗೆ ಬಂದ ಹೆಂಗಸು, ಓ ನೆಗೆಟಿವ್ ರಕ್ತ ಬೇಕು. ಜಲಜಮ್ಮ ಒಂದೇ ಬೆರಳಿನಲ್ಲಿ ಅಕ್ಷರ ಅಕ್ಷರ ಹುಡುಕಿ ಸಾಲು ಬರೆದರು. ಕಣ್ಣು ಮಿಟುಕಿಸುವುದರೊಳಗೆ ಮೂರು ಹೆಸರು. ಮೊದಲಿನವರು ಊರಲ್ಲಿರಲಿಲ್ಲ. ಎರಡನೆಯವಳು ಹತ್ತಿರದ ತಳಿ ಎಂಬ ಊರಿನ ಟೀಚರ್ ಚಂದ್ರಲೇಖಾ. ಶಾಲೆಗೆ ರಜೆ ಹೇಳಿ ಗಂಡನ ಬೈಕಿನಲ್ಲಿ ಹೊರಟೇಬಿಟ್ಟಳು.

ಮಧ್ಯಾಹ್ನ ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆಂದು ಸುದ್ದಿ ಬಂತು. ಜಲಜಮ್ಮ ನಂದಿತಾಳಿಗೆ ಫೋನ್ ಮಾಡಿದರು.

"ನಿನ್ನ ಕೈಯಲ್ಲಿ ಗುಣ ಅದೆ ಕಣಮ್ಮಾ" ಎಂದರು. ಇಷ್ಟು ವರ್ಷದ ಕೆಲಸದಲ್ಲಿ ಆ ಮಾತನ್ನು ಅವರು ಡಾಕ್ಟರುಗಳಿಗೂ ಹೇಳಿದ್ದು ಅಪರೂಪ.