ಗಲ್ಲದ ಗುರುತು

ಯಶವಂತಪುರದ ಬಂದೂಕಿನ ಅಂಗಡಿಯಿಂದ ದಸ್ತಗೀರ್ ಫೋನ್ ಮಾಡಿ, ಬಂದೂಕಿಗೆ ಗುರಿ ನೋಡುವ ಮಣಿ ಹಾಕಿ ಆಗಿದೆ, ಮಗಳನ್ನು ಕಳಿಸಿ ಎಂದಾಗ ರತ್ನಕ್ಕನಿಗೆ ನಿಜ ಹೇಳಲು ಬಾಯಿ ಬರಲಿಲ್ಲ. ಮಗಳು ಪ್ರತಿಭಾ ಡೆಂಗಿ ಜ್ವರದಲ್ಲಿ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ. ಎದುರು ನಿಂತು ಹೇಳಿ, ಅವಳ ಬಂದೂಕನ್ನು ಮಾರಿಬಿಡಿ ಎಂದು ಬರೋಣವೆಂದು ಬಾಗಲಗುಂಟೆಯಲ್ಲಿ ಬಸ್ಸು ಹತ್ತಿದಳು.

ಆ ಬಂದೂಕು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಹಾರುವ ಮಣ್ಣಿನ ಬಿಲ್ಲೆಗೆ ಗುಂಡು ಹೊಡೆಯುವುದೂ ಒಂದು ಆಟವೇ ಎಂದು ಮೂಗು ಮುರಿದವಳು, ಮಗಳು ಪದಕ ಗೆದ್ದ ದಿನವೂ ಹೋಗಿ ನೋಡಿರಲಿಲ್ಲ. "ಅವ್ವಾ, ಒಮ್ಮೆ ಬಂದೂಕಿಗೆ ಗಲ್ಲ ಇಟ್ಟು ನೋಡಬೇ, ಎಷ್ಟ್ ಚಂದ ಕಾಣ್ತದ" ಎಂದು ಪ್ರತಿಭಾ ಕಾಡಿದಾಗಲೆಲ್ಲ, ಕೈ ಹಿಟ್ಟಾಗಿದೆಯೆಂದು ಒಲೆಯ ಕಡೆ ತಿರುಗುತ್ತಿದ್ದಳು. ಮಿಂಚಿ ಹೋದದ್ದಕ್ಕೆ ಚಿಂತಿಸಿ ಫಲವಿಲ್ಲವಂತೆ. ಆ ಮಾತು ಕಟ್ಟಿದವನು ಹೆತ್ತ ಮಗಳನ್ನು ಮಣ್ಣು ಮಾಡಿ ಬಂದವನಲ್ಲ.

ಅಂಗಡಿಯಲ್ಲಿ ಅವಳು ಬಾಯಿ ತೆರೆಯುವ ಮೊದಲೇ ದಸ್ತಗೀರ್ ಬಂದೂಕು ಬಿಚ್ಚಿ, ಒಳಗೆ ಗುಂಡಿಲ್ಲವೆಂದು ತೋರಿಸಿ ಮುಚ್ಚಿದ. ನಳಿಕೆಯ ತುದಿಯಿಂದ ಬಿದ್ದುಹೋಗಿದ್ದ ಬಿಳಿ ಮಣಿಯ ಜಾಗಕ್ಕೆ ಹೊಸದನ್ನು ತಿರುಪಿ ಕೂರಿಸಿದ್ದ. ನಳಿಕೆಯ ನಡುವೆ ಇನ್ನೊಂದು ಪುಟ್ಟ ಮಣಿಯಿತ್ತು. ಹಿಂಭಾಗದ ಮರಕ್ಕೆ ಗಲ್ಲ ಒತ್ತಿ ನೋಡಿದರೆ ಎರಡೂ ಒಂದರ ಮೇಲೊಂದು ಕೂರಬೇಕಂತೆ. ಆ ಮರವನ್ನು ಪ್ರತಿಭಾಳ ಮುಖಕ್ಕೆ ತಕ್ಕಂತೆ ಕೆತ್ತಿದ್ದರಿಂದ ತನ್ನ ಕಣ್ಣಿಗೆ ಸೊಟ್ಟವೇ ಕಾಣುತ್ತದೆ, ಅವಳೇ ಬಂದು ನೋಡಬೇಕು ಎಂದ.

"ನಾನ ನೋಡ್ತೀನ್ರಿ" ಎಂದಳು ರತ್ನಕ್ಕ.

ದಸ್ತಗೀರ್ ನಕ್ಕು, ನಳಿಕೆಯನ್ನು ಖಾಲಿ ಗೋಡೆಯ ಕಡೆ ತಿರುಗಿಸಿ, ಬಂದೂಕನ್ನು ಅವಳ ಹೆಗಲಿಗಿಟ್ಟು ಕೆಳಗಿನಿಂದ ಕೈ ಆಸರೆ ಕೊಟ್ಟ. ಅವಳು ಗಲ್ಲ ಇಟ್ಟಳು. ಮಗಳ ಗಲ್ಲ ಸವೆಸಿ ನುಣುಪಾಗಿಸಿದ್ದ ಜಾಗ ಅವಳ ಗಲ್ಲಕ್ಕೆ ಸರಿಯಾಗಿ ಕೂತಿತು. ಒಂದು ಕಣ್ಣು ಮುಚ್ಚಿದಳು. ಪುಟ್ಟ ಮಣಿಯ ಮೇಲೆ ಬಿಳಿ ಮಣಿ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಮಗಳು ಹೇಳಿದ್ದು ನಿಜ, ಚಂದ ಕಾಣುತ್ತಿತ್ತು.

ಹೇಗಿದೆ ಎಂದು ಅವನು ಕೇಳಿದ್ದಕ್ಕೆ, ಒಂದರ ಮೇಲೊಂದು ಕೂತಿವೆ ಎಂದಳು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತ ಸುಮ್ಮನೆ ಹೇಳುತ್ತಾರೆಯೇ ಎಂದು ದಸ್ತಗೀರ್ ಖುಷಿಪಟ್ಟ.

"ಇಬ್ರದ್ದೂ ಒಂದೇ ಅಚ್ಚು ಕಣಮ್ಮಾ. ಇನ್ ಮಗಳು ಬರೋದೇ ಬೇಡ ಬಿಡಿ."

ರತ್ನಕ್ಕ ಗಲ್ಲ ತೆಗೆಯಲಿಲ್ಲ. ಮಣಿಗಳೆರಡೂ ನೀರಿನಲ್ಲಿ ಕಲಸಿಹೋದವು.

"ಅಕಿ ಬರೂದಿಲ್ರಿ" ಎಂದಳು, ಮರಕ್ಕೆ ಮುಖ ಒತ್ತಿಕೊಂಡೇ. "ಮಣ್ಣು ಮಾಡಿ ಬಂದೀವಿ."

ದಸ್ತಗೀರ್ ಬಂದೂಕು ಇಳಿಸಲು ಹೋದ.

"ಇನ್ನೊಂದ್ ಗಳಿಗಿ ಹಂಗ ಹಿಡೀರಿ" ಎಂದಳು ಅವಳು.

ಅವನು ಹಿಡಿದುಕೊಂಡೇ ನಿಂತ.