ನಡುವಣ ಚಿತ್ರಗಳ ಕ್ಲೆಮ್

ಕ್ಲೆಮ್ ಹ್ಯಾರಿಗನ್ನನ ಎಡಗೈಯ ಬೆರಳುಗಳು ಎಂದೂ ಒಂದಕ್ಕೊಂದು ತಾಗಿಕೊಂಡಿರುತ್ತಿರಲಿಲ್ಲ. ಬೀದಿಯಲ್ಲಿ ನಡೆಯುವಾಗಲೂ, ಮ್ಯಾರಿಕ್‌ವಿಲ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುವಾಗಲೂ, ಸಂದಿಗಳಲ್ಲಿ ಕಾಣದ ಕಾಗದಗಳನ್ನು ಸಿಕ್ಕಿಸಿಕೊಂಡವನಂತೆ ಅವನ್ನು ಬಿಡಿಸಿಕೊಂಡೇ ಇರುತ್ತಿದ್ದ. ಹೋಟೆಲಿನಲ್ಲಿ ತಿಂಡಿಪಟ್ಟಿ ಕೊಟ್ಟರೆ ಓದುವ ಮೊದಲು ಅದರ ಹಾಳೆಗಳನ್ನು ಪಟಪಟನೆ ಮಗುಚಿ, ಏನೂ ಅಲುಗಲಿಲ್ಲವಲ್ಲ ಎಂದು ಬೇಸರಪಟ್ಟು ಕೆಳಗಿಡುವ ಆಸಾಮಿ ಅವನು. ಅವನ ಕಂದು ಕೋಟಿನ ಬಲತೋಳಿನ ಅಂಚು ಪೆನ್ಸಿಲಿನ ಪುಡಿ ಕುಡಿದು ಕುಡಿದು ತಗಡಿನಂತೆ ಹೊಳೆಯುತ್ತಿತ್ತು. ಒಗೆಯಲು ಹಾಕೆಂದು ಹೆಂಡತಿ ನೊರೀನ್ ಎಷ್ಟು ಗೋಗರೆದರೂ ಹಾಕಲಿಲ್ಲ.

ಸಿಡ್ನಿಯ ಕಾರ್ಟೂನ್ ಕಂಪನಿಯೊಂದರಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತು ಬದುಕು ಸವೆಸಿದವರು. ನಾನು ಬಣ್ಣ ತುಂಬುವವನು. ಅವನದು ನಡುವಣ ಚಿತ್ರಗಳ ಕೆಲಸ. ಬೇಲಿಯ ಮೇಲೆ ಹಾರಲು ಸಜ್ಜಾದ ಬೆಕ್ಕನ್ನೂ ಆಚೆಗೆ ಹಾರಿ ಬಿದ್ದ ಬೆಕ್ಕನ್ನೂ ಹಿರಿಯ ಕಲಾವಿದರು ಬರೆದುಕೊಟ್ಟರೆ, ನಡುವಿನ ಹಾರಾಟವೆಲ್ಲ ಕ್ಲೆಮ್‌ನ ಪಾಲು. ಬರೆದ ಹಾಳೆಗಳನ್ನು ಎಡಗೈ ಬೆರಳುಗಳ ಸಂದಿಗೆ ಸಿಕ್ಕಿಸಿ ಪಟಪಟನೆ ಮಗುಚಿ, ಬೆಕ್ಕು ಸರಿಯಾಗಿ ಹಾರುತ್ತದೋ ಎಂದು ನೋಡಿಕೊಳ್ಳುತ್ತಿದ್ದ. ಅದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಆ ಕೆಲಸ ಅವನ ನಾಲಿಗೆಗೂ ಅಂಟಿಕೊಂಡಿತ್ತು; ಮದುವೆಯ ಸುದ್ದಿಯಾಗಲಿ ಸಾವಿನ ಸುದ್ದಿಯಾಗಲಿ, "ಮೊದ್ಲು ಎಲ್ಲಿತ್ತು, ಆಮೇಲೆ ಎಲ್ಲಿಗೆ ಬಂತು, ಅಷ್ಟ್ ಹೇಳು ಮಾರಾಯ" ಎನ್ನುತ್ತಿದ್ದ. ಕೈಚಿತ್ರವೆಲ್ಲ ಕಂಪ್ಯೂಟರಿನ ವಶವಾಗಿ ಕಂಪನಿ ಬಾಗಿಲು ಹಾಕಿದಾಗ ನಾವೆಲ್ಲ ಬೇರೆ ದಾರಿ ಹಿಡಿದೆವು. ಅವನು ಮಾತ್ರ ಬೇರೆ ಕೆಲಸ ಹುಡುಕದೆ, ಬೆರಳು ಬಿಡಿಸಿಕೊಂಡು ಇದ್ದಲ್ಲೇ ಉಳಿದ.

ನೊರೀನಳ ಶ್ವಾಸಕೋಶಕ್ಕೆ ರೋಗ ಹತ್ತಿ ವೈದ್ಯರು ಕೈಚೆಲ್ಲಿದಾಗ ಅವಳು ಗಂಡನಲ್ಲಿ ಬೇಡಿದ್ದು ಒಂದೇ. "ಜನ್ಮ ಎಲ್ಲ ಕಂಡೋರ ಬೆಕ್ಕಿನ ಬಾಲ ಬರ್ದೆ. ನನ್ನ ಮುಖಾನೂ ಒಂದ್ಸಲ ಬರಿ, ಹೋಗೋದ್ರೊಳಗೆ ನೋಡ್ಕೊಂಡ್ಬಿಡ್ತೀನಿ" ಎಂದು ನಗುತ್ತಲೇ ಕೇಳಿದ್ದಳು. ಅವನು ನಗಲಿಲ್ಲ. ಬರೀ ಬಿಳಿ ಹಾಳೆಯ ಮೇಲೆ ತಾನಾಗಿ ಮೊದಲ ಗೆರೆ ಎಳೆಯುವುದು ಅವನಿಗೆ ಬರುತ್ತಲೇ ಇರಲಿಲ್ಲ.

ಹಾಗಾಗಿ ಅರವತ್ತು ದಾಟಿದ ಮೇಲೆ, ಅನಿಮೇಷನ್ ಕಲಿಯುವ ಎಳೆಯರಿಗೆ ಚಿತ್ರದ ಓನಾಮ ತಿದ್ದಿಸುವ ಶನಿವಾರದ ತರಗತಿಗೆ ಸೇರಿದ. ಧೈರ್ಯಕ್ಕಿರಲೆಂದು ನನ್ನನ್ನೂ ಎಳೆದುಕೊಂಡು ಹೋದ. ಬ್ರೆಡ್ಡಿನಂಗಡಿಯ ಮಹಡಿಯಲ್ಲಿ ಕಲಿಯೋಪಿ ಎಂಬ ಗ್ರೀಕ್ ಹೆಣ್ಣುಮಗಳು ಪಾಠ ಹೇಳುತ್ತಿದ್ದಳು. ಅರ್ಧ ತುಂಬಿದ ಹಿಟ್ಟಿನ ಚೀಲವನ್ನು, ಅದಕ್ಕೆ ದುಃಖವಾದಂತೆ ಕಾಣುವ ಹಾಗೆ ಬರೆಯಿರಿ ಎನ್ನುವಳು. ಎದುರು ನಿಂತ ರೂಪದರ್ಶಿಯ ಅಂಚು ಬಿಟ್ಟು ಭಾರ ಎಲ್ಲಿ ಕೂತಿದೆ ನೋಡಿ, ತಲೆಯಿಂದ ಹಿಮ್ಮಡಿಗೆ ಒಂದೇ ಗೆರೆ ಎಳೆಯಿರಿ ಎನ್ನುವಳು. ಎಳೆಯರು ಕೆಟ್ಟದಾಗಿಯಾದರೂ ಬರೆದರು. ಕ್ಲೆಮ್‌ನ ಪೆನ್ಸಿಲು ಹಾಳೆಯ ಮೇಲೆ ಗಾಳಿಯಲ್ಲೇ ನಿಂತಿತು.

ರೂಪದರ್ಶಿ ಭಂಗಿ ಬದಲಿಸಿದ್ದೇ ತಡ, ಅವನ ಕೈ ಓಡಿತು. ಒಂದು ಹಿಮ್ಮಡಿಯಿಂದ ಇನ್ನೊಂದಕ್ಕೆ ಭಾರ ಜಾರುತ್ತಿದ್ದ, ತೋಳು ಇನ್ನೂ ಇಳಿಯುತ್ತಿದ್ದ ಆ ಹೆಂಗಸನ್ನು ನೋಡಲು ತರಗತಿಯೇ ಸುತ್ತ ನೆರೆಯಿತು. ಕಲಿಯೋಪಿ ಹಾಳೆಯನ್ನು ಕೈಗೆತ್ತಿಕೊಂಡಳು.

"ಇವ್ಳು ಹೀಗೆ ನಿಂತಿದ್ದು ಯಾವಾಗ, ಕ್ಲೆಮ್?"

"ನಿಂತಿಲ್ಲಮ್ಮ. ಅಲ್ಲಿಂದ ಇಲ್ಲಿಗೆ ಬರೋವಾಗ ಹೀಗೆ ಹಾದು ಬಂದ್ಲು."

ಆ ಚಿತ್ರಕ್ಕೆ ಮುಖವಿರಲಿಲ್ಲ, ಖಾಲಿ ಮೊಟ್ಟೆಯಾಕಾರವಷ್ಟೆ. ನಿಂತವರನ್ನು ಬರೆಯಲು ಕಲಿಯಿರಿ ಎಂದು ಕಲಿಯೋಪಿ ಮೆಲ್ಲನೆ ಹೇಳಿದಳು. ಅವನು ಶನಿವಾರ ತಪ್ಪಿಸದೆ ಬಂದ. ಚೀಲ, ಚೆಂಡು, ಪೆಟ್ಟಿಗೆ ಎಲ್ಲವನ್ನೂ ತಿದ್ದಿದ. ಕೈಗೆ ಹತ್ತಲಿಲ್ಲ. ಕಲಿಯುವ ಹಟ ಆ ಮುದಿ ಕೈಯಲ್ಲಿ ಎಷ್ಟಿತ್ತೆಂದು ಕಂಡ ನನಗೆ ಆ ವೈಫಲ್ಯ ನೋಡಲಾಗುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಹೆಂಡತಿಯ ಪಕ್ಕ ಹಾಳೆ ಹಿಡಿದು ಕೂತೇ ಚಳಿಗಾಲ ಕಳೆದ. ಕಡೆಗೊಮ್ಮೆ ಅವಳ ಹೊದಿಕೆ ಏರುವುದೂ ಇಳಿಯುವುದೂ ಕಣ್ಣಿಗೆ ಬಿತ್ತು. ಅವನಿಗೆ ಬೇಕಾದ ಎರಡು ತುದಿಗಳು ಸಿಕ್ಕಿದ್ದವು. ಬರೆದು ಮುಗಿಸಿ ಹಾಳೆಗಳನ್ನು ಬೆರಳ ಸಂದಿಗೆ ಸೇರಿಸಿ ಅವಳೆದುರು ಮಗುಚಿದ: ಹೊದಿಕೆ ಏರಿತು, ಭುಜ ತುಸು ಎದ್ದಿತು, ಗದ್ದ ವಾಲಿತು, ಎಲ್ಲವೂ ಮತ್ತೆ ಇಳಿಯಿತು; ಮುಖದ ಜಾಗ ಮಾತ್ರ ಖಾಲಿ. ಔಷಧಿ ತಂದ ನರ್ಸು ಹಾಗೇ ನಿಂತುಬಿಟ್ಟಳಂತೆ.

"ಉಸಿರು ನಂದೇ," ಎಂದಳು ನೊರೀನ್. "ನಾನೆಲ್ಲಿದೀನಿ ಇದ್ರಲ್ಲಿ, ಕ್ಲೆಮ್?"

ಬರೆಯುತ್ತೇನೆ, ಇನ್ನೂ ಸಮಯವಿದೆ ಎಂದ. ಇರಲಿಲ್ಲ.

ಮಣ್ಣು ಮಾಡಿ ಬಂದ ಮಧ್ಯಾಹ್ನ ಅಡುಗೆಮನೆಯಲ್ಲಿ ಚಹಾ ಆರುತ್ತಿದ್ದಾಗ ಆ ಹಾಳೆಗಳನ್ನು ನನಗೂ ಮಗುಚಿ ತೋರಿಸಿದ. "ಉಸಿರು ಸರಿಯಾಗೇ ಇದೆ. ಯಾರ್ದು ಅಂತ ಮಾತ್ರ ಗೊತ್ತಾಗಲ್ಲ" ಎಂದ. ನಾನು ಆರಿದ ಚಹಾ ಚೆಲ್ಲಿ ಮತ್ತೆ ನೀರಿಟ್ಟೆ.

ಇಂಥವರು ಎಲ್ಲ ಕಸುಬಿನಲ್ಲೂ ಇದ್ದಾರೆ. ಆರಂಭ ಒಬ್ಬರದು, ಅಂತ್ಯ ಒಬ್ಬರದು, ನಡುವಿನ ದುಡಿತವೆಲ್ಲ ಇವರದು. ಕಣ್ಣಿಗೆ ಬೀಳದಂತೆ ಹಾದುಹೋಗುವುದೇ ಇವರ ನೈಪುಣ್ಯ, ಅದಕ್ಕಾಗಿಯೇ ಇವರನ್ನು ಹೊಗಳುತ್ತೇವೆ. ಆದರೆ ತಮ್ಮದೆಂಬ ಒಂದೇ ಒಂದು ಮುಖವನ್ನು ಬರೆಯಬೇಕಾದ ದಿನ ಇವರಿಗೆ ಮೊದಲ ಗೆರೆ ಹಾಕಿಕೊಡುವವರು ಯಾರೂ ಇರುವುದಿಲ್ಲ; ಕೊನೆಯ ಗೆರೆಯನ್ನು ಮಾತ್ರ ಸಾವು ತಾನೇ ಬಂದು, ಕೇಳದೆಯೇ ಎಳೆದು ಹೋಗುತ್ತದೆ.