ಮಂಗಳವಾಗದ ಓದು

ವಾರಿಜತ್ತೆಯ ಬಾಯಲ್ಲಿ ಉಳಿದಿದ್ದದ್ದು ‘ಹೂಂ’ ಒಂದೇ. ಬಚ್ಚಲಿನಿಂದ ಬರುವಾಗ ಬಿದ್ದು, ಬಲಗೈ ಬಲಗಾಲು ಸೋತ ಮೇಲೆ ಬೇರೆಲ್ಲ ಮಾತೂ ಅವರನ್ನು ಬಿಟ್ಟುಹೋಗಿತ್ತು. ಆ ‘ಹೂಂ’ ಕೂಡ ಹಸಿವಿಗೋ ನೋವಿಗೋ ಬರುವಂಥದ್ದಲ್ಲ. ತಮ್ಮನ ಮಗ ಕಮಲಾಕ್ಷ ವ್ಯಾಸಪೀಠದ ಮುಂದೆ ಕುಳಿತು ಒಂದು ಪದ್ಯವನ್ನು ರಾಗವಾಗಿ ಓದಿ ಮುಗಿಸಿದಾಗ ಮಾತ್ರ ಬರುತ್ತಿತ್ತು. ಹೂಂ ಅಂದ ಬೆನ್ನಿಗೇ ಬಾಯಿ ತೆರೆಯುತ್ತಿದ್ದರು. ಅವನು ಮಕ್ಕಳಿಗೆ ಹಾಲೆರೆಯುವ ಒಳಲೆಯಿಂದ ಗಂಜಿತಿಳಿ ಬಿಡುತ್ತಿದ್ದ. ಒಂದು ಪದ್ಯಕ್ಕೆ ಒಂದು ಗುಟುಕು. ಓದದೆ ಕೊಟ್ಟರೆ ಹಲ್ಲು ಕಚ್ಚಿ ಗೋಡೆಯ ಕಡೆ ತಿರುಗಿಬಿಡುವರು.

ಹೆತ್ತವಳ ಮುಖ ಕಾಣದ ಕಮಲಾಕ್ಷನನ್ನು ಎತ್ತಿ ಬೆಳೆಸಿದವರು ಈ ಅತ್ತೆ. ಕೋಟದ ಆ ಮನೆಯಲ್ಲಿ ಈಗ ಅವರಿಬ್ಬರೇ. ಅವನು ಕುಂದಾಪುರದ ರೇಷನ್ ಕಛೇರಿಯಲ್ಲಿ ಗುಮಾಸ್ತ. ಅತ್ತೆ ಬಿದ್ದಂದಿನಿಂದ ರಜೆಯ ಮೇಲಿದ್ದ. ಯುದ್ಧದ ಕಾಲ. ಗೇಣಿಯ ಅಕ್ಕಿ ಮಳೆಗಾಲದ ತನಕವೂ ಸಾಲದು, ಕೆಲಸ ಹೋದರೆ ಒಲೆಗೂ ಕಷ್ಟ. ಕಛೇರಿಯಿಂದ ಹೇಳಿಕಳಿಸಿದರು: ಸೋಮವಾರ ಬಾರದಿದ್ದರೆ ಆ ಕುರ್ಚಿಗೆ ಬೇರೆಯವರು.

“ಹಗಲ್ ನಾನ್ ಕೂಕಂತೆ, ಕಮಲಾಕ್ಷಣ್ಣ. ನೀವ್ ಹೋಯ್ನಿ,” ಎಂದಳು ಪಕ್ಕದ ಮನೆಯ ಪದ್ಮಾಕ್ಷಿ. “ಆರೆ ಓದು ಗೀದು ನನ್ನಿಂದ ಆತಿಲ್ಲೆ, ಮೊದ್ಲೇ ಹೇಳಿದ್ದೆ. ನನ್ನ ರಾಗ ಕೇಂಡ್ರೆ ಹಟ್ಟಿ ದನ ಹಗ್ಗ ಹರ್ಕಂಡ್ ಓಡತ್.”

ಹೊರಡುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಓದಿ ಉಣಿಸಿದರೆ ಸಾಕು ಎಂದುಕೊಂಡ ಕಮಲಾಕ್ಷ.

ಈ ಕಡೆಯ ಮನೆಗಳಲ್ಲಿ ಓದಿಗೆ ಒಂದು ಕಟ್ಟಳೆ ಇದೆ. ಕತೆಯಲ್ಲಿ ಒಬ್ಬರು ಸಂಕಟದಲ್ಲಿರುವಾಗ ಓದು ನಿಲ್ಲಿಸುವಂತಿಲ್ಲ. ಅವರು ನೆಲೆ ಕಾಣುವ ಪದ್ಯದವರೆಗೆ ಬಂದು, ಮಂಗಳ ಹಾಡಿ, ಕೇಳುವವರು ಕಡೆಯ ಹೂಂ ಅಂದ ಮೇಲೆ ಪುಸ್ತಕವನ್ನು ವಸ್ತ್ರದಲ್ಲಿ ಕಟ್ಟಬೇಕು. ಆಮೇಲೆಯೇ ಓದುವವರು ಮಣೆ ಬಿಟ್ಟೇಳುವುದು. ಆ ಸೋಮವಾರ ಬೆಳಿಗ್ಗೆ ಕತೆಯ ರಾಜಕುಮಾರಿ ತುಂಬಿದ ಹೊಳೆಯಲ್ಲಿ ಕೊರಳುದ್ದ ನೀರಲ್ಲಿ ನಿಂತಿದ್ದಳು. ಅಷ್ಟರಲ್ಲಿ ರಸ್ತೆಯಿಂದ, ಇದ್ದಿಲಲ್ಲಿ ಓಡುವ ಬಸ್ಸಿನ ಹಾರ್ನು. ಅದರ ಮೇಲಿಂದ ಕ್ಲೀನರ್ ಭೋಜನ ಕೂಗು:

“ಹ್ವಾಯ್ ಕಮಲಾಕ್ಷಯ್ಯಾ! ಬತ್ರ್ಯಾ, ಅಲ್ಲ ನಿಮ್ ಕುರ್ಚಿ ಮೇಲೆ ನಾನೇ ಕೂಕಣ್ಕಾ?”

ಪದ್ಯದ ನಡುವೆಯೇ ಕಮಲಾಕ್ಷ ಎದ್ದ. “ಈಗ ಬತ್ತೆ ಅತ್ತೆ, ಈಗ ಬತ್ತೆ,” ಎಂದು, ಪುಸ್ತಕ ತೆರೆದಂತೆಯೇ ಬಿಟ್ಟು ಓಡಿದ.

ಕಛೇರಿಯಲ್ಲಿ ಸಕ್ಕರೆ, ಸೀಮೆಎಣ್ಣೆಯ ಚೀಟಿಗೆ ನಿಂತ ಜನರ ಗದ್ದಲ, ಮುದ್ರೆ ಒತ್ತುವ ಸದ್ದು. ಯಾರೂ ಮಲಗಿಲ್ಲದ, ಯಾರೂ ನರಳದ ಜಾಗ. ಮಧ್ಯಾಹ್ನದ ಹೊತ್ತಿಗೆ ತನಗೆ ಅತ್ತೆಯ ನೆನಪೇ ಆಗಿಲ್ಲವೆಂದು ಹೊಳೆದು ಅವನಿಗೆ ನಾಚಿಕೆಯಾಯಿತು. ಮೈ ಮಾತ್ರ ಹಗುರವಾಗಿತ್ತು.

ಸಂಜೆ ಪದ್ಮಾಕ್ಷಿ ಜಗಲಿಯಲ್ಲೇ ಕೇಳಿದಳು: “ಮಧ್ಯಾಹ್ನ ಬಪ್ದಾರೆ ನಂಗೊಂದ್ ಮಾತ್ ಹೇಳುಕಾಗ್ದಾ? ಹಿತ್ಲ್ ಬಾಗ್ಲಂಗೆ ಬಂದ್ರ್ಯಾ?”

“ನಾನಾ? ನಾನ್ ಕುಂದಾಪ್ರದಗೆ ಇದ್ದೆ.”

“ಹೋಯ್ನಿ, ತಮಾಷಿ ಸಾಕ್! ಒಳಗೆ ಕೂಕಂಡ್ ಓದ್ತಾ ಇದ್ರಿ. ಅತ್ತೆ ಹೂಂ ಹೂಂ ಅಂತಿದ್ರ್. ಗಂಡ್ಸ್ರ್ ಓದುವಲ್ಲಿಗೆ ಎಂತಕೆ ಹೋಪ್ದಂದೇಳಿ ನಾನ್ ಇಣ್ಕಲಿಲ್ಲೆ. ಆಮೇಲೆ ಕಂಡ್ರೆ ಗಂಜಿ ಬಟ್ಲ್ ಖಾಲಿ.”

ಕಮಲಾಕ್ಷ ಒಳಗೆ ಹೋದ. ಅತ್ತೆಯ ತುಟಿ ಒರೆಸಿ ಶುಚಿಯಾಗಿತ್ತು. ಮಣೆಯ ಮೇಲೆ ಕುಳಿತು, ಹೊಳೆಯ ಪದ್ಯವನ್ನು ಮತ್ತೆ ಎತ್ತಿಕೊಂಡು ಓದಿದ. ಹೂಂ ಬರಲಿಲ್ಲ. ಅತ್ತೆ ಎಡಗೈ ಎತ್ತಿ, ಮಕ್ಕಳ ಗಲಾಟೆ ತಡೆಯುವವರಂತೆ ಅವನನ್ನು ಸುಮ್ಮನಾಗಿಸಿದರು. ಆ ಪದ್ಯ ಅವರು ಆಗಲೇ ಕೇಳಿಯಾಗಿತ್ತು.

ಮರುದಿನವೂ ಹಾಗೆಯೇ, ಆಮೇಲೆಯೂ ಹಾಗೆಯೇ. ಅತ್ತೆಯ ಕೆನ್ನೆ ತುಂಬುತ್ತ ಬಂತು. ಕಣ್ಣು ಮಾತ್ರ ಅವನ ಮೇಲೆ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಸಂಜೆ ಅವನು ಓದಿದರೆ, ಹೂಂ ಅನ್ನದೆ, ಬಸ್ಸಿಗೆ ಕಾಯುವವರ ಹಾಗೆ, ಅವನಾಚೆ ಬಾಗಿಲನ್ನು ನೋಡುತ್ತಿದ್ದರು.

ಭಾನುವಾರ ಅವನು ಊರಿನ ಹಳೆಯ ಓದುಗಾರ ಹಿರಿಯಣ್ಣ ಐತಾಳರಲ್ಲಿಗೆ ಹೋದ. ಅವರು ಎಲೆ ಅಡಿಕೆ ಕುಟ್ಟುತ್ತ ಕೇಳಿಸಿಕೊಂಡರು.

“ಮಂಗಳ ಹಾಡದೆ ಎದ್ದ್ಯಾ? ಎದ್ಕಂಡ್, ಈಗ ಬತ್ತೆ ಅಂದ್ಯಾ?”

“ಅಂದೆ.”

“ಅಂದ್ ಮೇಲೆ ಬಂತ್, ಮಾಣಿ.”

“ಯಾರ್?”

“ಯಾರಂದೇಳಿ ನಂಗೆಂತ ಗೊತ್ತ್? ಕೇಂಬವ್ರ್ ಕೇಂತಾ ಇದ್ರೆ ಓದುಕೆ ಒಂದ್ ಜನ ಬೇಕಲ್ದಾ. ಮಣೆ ಖಾಲಿ ಇತ್ತ್.” ಕುಟ್ಟಾಣಿ ನಿಂತಿತು. “ಅದ್ರಿಂದ ಈಗ ತೊಂದ್ರಿಲ್ಲೆ. ಹೊಟ್ಟಿ ತುಂಬತ್. ಆರೆ ಕತಿ ಮುಗ್ದ್ ದಿನ ಅದೂ ಮಂಗಳ ಹಾಡತ್. ಅದ್ರ ಮಂಗಳಕ್ಕೆ ನಿನ್ನತ್ತೆ ಹೂಂ ಅಂದ್ರೆ, ಅದ್ರ ಒಟ್ಟಿಗೇ ಎದ್ದ್ ಹೋತ್ರ್. ಅದ್ಕ್ ಮುಂಚೆ ನೀನೇ ಮಧ್ಯಾಹ್ನ ಕೂಕಂಡ್ ಮುಗ್ಸ್.”

“ಮುಗ್ಸಿದ್ ಮೇಲೆ?”

“ಮುಗ್ಸಿದ್ ಮೇಲೆ ಅದ್ ಬತ್ತಿಲ್ಲೆ. ಮಧ್ಯಾಹ್ನದ ಗಂಜಿ ನಿಂದೇ. ನಿನ್ ಕಛೇರಿ ಎಂತ ಆತ್ತ್, ನೀನೇ ಕಾಣ್.”

ಕಮಲಾಕ್ಷ ಮರುದಿನ ಕಛೇರಿಗೇ ಹೋದ. ಅದರ ಮರುದಿನವೂ ಹೋದ. ಕತೆ ದೊಡ್ಡದು, ಇನ್ನೂ ದಿನವಿದೆ ಎಂದು ಮನಸ್ಸಿಗೆ ಹೇಳಿಕೊಂಡ. ಮನೆಗೆ ಬಂದಾಗ ಬಟ್ಟಲು ಖಾಲಿಯಿದ್ದರೆ, ದೇವರೇ, ಅವನಿಗೆ ಸಮಾಧಾನವೇ ಆಗುತ್ತಿತ್ತು. ಒಂದು ಸಂಜೆ ಅತ್ತೆಯ ಎಡಗೈ ಚಾಪೆಯ ಮೇಲೆ ಮೆಲ್ಲಗೆ ತಾಳ ಹಾಕುವುದನ್ನು ಕಂಡ. ನಡು ಓದಿನ ತಾಳವಲ್ಲ, ಮಂಗಳದ್ದು. ಬರಲಿರುವ ಮಂಗಳಕ್ಕೆ ಕೈ ಅಣಿಯಾಗುತ್ತಿತ್ತು.

ಮಾರನೆಯ ದಿನ ಮುದ್ರೆಯನ್ನು ಮೇಜಿನ ಮೇಲೆಯೇ ಬಿಟ್ಟು, ಯಾರಿಗೂ ಹೇಳದೆ ಕಛೇರಿಯಿಂದ ಹೊರಟುಬಂದ.

ನಡುಮಧ್ಯಾಹ್ನ. ಅಂಗಳದ ಬಿಸಿಲು ಕಣ್ಣು ಕುಕ್ಕುತ್ತಿತ್ತು, ಒಂದು ಕಾಗೆಯ ದನಿಯೂ ಇರಲಿಲ್ಲ. ಜಗಲಿಯಲ್ಲಿ ಪದ್ಮಾಕ್ಷಿ ಗೆರಸೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತಿ ಅವನನ್ನು ನೋಡಿದಳು, ಒಳಕೋಣೆಯ ಕಡೆ ನೋಡಿದಳು, ಮತ್ತೆ ಅವನನ್ನು.

“ನೀವ್... ನೀವ್ ಒಳಗಿದ್ರಿ ಅಲ್ದಾ?”

ಒಳಗಿನಿಂದ ಅವನದೇ ದನಿ ಕೇಳಿಸುತ್ತಿತ್ತು. ಹಾರ್ನಿನ ಕಡೆ ಕಿವಿಯಿಲ್ಲದ, ಅವಸರವಿಲ್ಲದ ದನಿ. ಒಂದೊಂದು ಪದವನ್ನೂ ಕೇಳುವವರ ಕೈಗೆ ಇಟ್ಟುಕೊಡುವಂಥ ಓದು. ಅತ್ತೆ ಅವನಿಗೆ ಕಲಿಸಿದ ಹಾಗೆ. ತಾನು ಇಷ್ಟು ಚೆನ್ನಾಗಿ ಯಾವತ್ತು ಓದಿದ್ದೆ? ರಾಜಕುಮಾರಿ ಹೊಳೆ ದಾಟಿ, ತೌರು ಸೇರಿ, ಆರತಿಯ ಮುಂದೆ ನಿಂತಿದ್ದಳು. ಹೂಂ ಎಂದರು ಅತ್ತೆ, ತುಂಬಿದ ಸ್ವರದಲ್ಲಿ. ಹೊರಗೇ ನಿಂತು ಕೇಳುತ್ತಿರೋಣ ಅನ್ನಿಸಿತು ಕಮಲಾಕ್ಷನಿಗೆ. ಆಗ ಒಳಗಿನ ದನಿ ನಿಂತು, ಅವನು ಯಾವಾಗಲೂ ಮಂಗಳಕ್ಕೆ ಮೊದಲು ಮಾಡುವಂತೆಯೇ, ಸಣ್ಣಗೆ ಗಂಟಲು ಸರಿಮಾಡಿಕೊಂಡಿತು.

ಅವನು ಹೊಸಿಲಿನಿಂದಲೇ ಮಂಗಳ ಎತ್ತಿದ. ಆ ದನಿಯೂ ಎತ್ತಿತು. ಎರಡೂ ಒಂದೇ ಶ್ರುತಿಯಲ್ಲಿ, ಒಂದೇ ಉಸಿರಿನಲ್ಲಿ ಸಾಗಿದವು. ಕೋಣೆಯಲ್ಲಿ ಅತ್ತೆಯನ್ನು ಬಿಟ್ಟು ಯಾರೂ ಇರಲಿಲ್ಲ. ಹಾಡುತ್ತಲೇ ಹೋಗಿ ಅವನು ಕೂತ ಮಣೆ ಮಾತ್ರ ಈಗಷ್ಟೇ ಒಬ್ಬರು ಎದ್ದ ಹಾಗೆ ಬಿಸಿಯಾಗಿತ್ತು. ಕಡೆಯ ಸಾಲಿಗೆ ಬರುವಾಗ ಕೇಳಿಸುತ್ತಿದ್ದದ್ದು ಒಂದೇ ದನಿ. ಅದು ಯಾರದೆಂದು ಅವನಿಗೆ ತಿಳಿಯಲಿಲ್ಲ, ತನ್ನ ಉಸಿರು ಮುಗಿದಾಗ ಅದೂ ನಿಂತುಹೋಗುವ ತನಕ.

ಅತ್ತೆಯ ಕಣ್ಣಂಚಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಆಮೇಲೆ ಬಾಗಿಲ ಕಡೆ ನೋಡುತ್ತ, ಹೊರಟವರನ್ನು ಕಳಿಸಿಕೊಡುವ ದನಿಯಲ್ಲಿ, “ಹೂಂ” ಎಂದರು.

ಅವನು ಪುಸ್ತಕ ಕಟ್ಟಿದ.

ಮರುದಿನ ಬೆಳಿಗ್ಗೆ ಬಸ್ಸು ಬಂದಾಗ ಕಮಲಾಕ್ಷ ರಸ್ತೆಯವರೆಗೆ ಹೋದ, ಅಂಗಿಯಿಲ್ಲದೆ, ಹೆಗಲ ಮೇಲೆ ಬೈರಾಸು.

“ನಾನ್ ಬತ್ತಿಲ್ಲೆ, ಭೋಜ. ನಾಳೆಯೂ ಇಲ್ಲೆ. ಕಛೇರಿಯಗೆ ಒಂದ್ ಮಾತ್ ಹೇಳ್.”

“ತಲಿ ಸಮ ಇತ್ತಾ ಕಮಲಾಕ್ಷಯ್ಯಾ? ಆ ಕುರ್ಚಿಗೆ ಎಷ್ಟ್ ಜನ ಬಾಯ್ ಬಿಟ್ಕಂಡ್ ಕೂಕಂಡಿದ್ರ್, ಗೊತ್ತಿತ್ತಾ?”

“ಗೊತ್ತಿತ್ತ್.”

“ಆಯ್ತ್, ನಿಮ್ ಹಣೆಬರ,” ಎಂದು ಭೋಜ ಬಸ್ಸಿನ ಮೈಗೆ ತಟ್ಟಿದ. ಇದ್ದಿಲ ಹೊಗೆ ರಸ್ತೆಯ ಮೇಲೆ ಸ್ವಲ್ಪ ಹೊತ್ತು ನಿಂತು ಚೆದುರಿತು.

ಮಧ್ಯಾಹ್ನ ಅವನು ಮಣೆಯ ಮೇಲೆ ಕುಳಿತು ಹೊಸ ಕತೆ ತೆರೆದ. ಬೆಳಗಿನಿಂದ ಒಂದು ಗುಟುಕನ್ನೂ ಮುಟ್ಟದ ಅತ್ತೆ ಬಾಗಿಲನ್ನು ನೋಡಿದರು, ಅವನನ್ನು ನೋಡಿದರು, ಮತ್ತೆ ಬಾಗಿಲನ್ನು. ಅವನು ಓದಿ, ಕಾದ. ಹೂಂ ಬರಲಿಲ್ಲ. ಮುಂದಿನ ಪದ್ಯ ಓದಿ ಒಳಲೆಯನ್ನು ತುಟಿಗೆ ಹಿಡಿದು ಕೂತ. ಕೈ ಸೋಲುವಷ್ಟು ಹೊತ್ತಾದ ಮೇಲೆ ಅತ್ತೆ, ಅವನ ಕಡೆ ನೋಡದೆಯೇ, ಸ್ವಲ್ಪವೇ ಬಾಯಿ ತೆರೆದರು. ಗಂಜಿ ಇಳಿಯಿತು. ಕಿವಿ ಇನ್ನೂ ಹೊರಗೇ ಇತ್ತು.

ಕಮಲಾಕ್ಷ ಅವರ ತುಟಿ ಒರೆಸಿ, ಮುಂದಿನ ಪದ್ಯವನ್ನು ಮೊದಲಿಗಿಂತ ನಿಧಾನವಾಗಿ ಎತ್ತಿಕೊಂಡ.